ಕಲ್ಮಲದ ಅವ್ವನ ಗುಳಿಗಿ ಚೀಲ

ಕಲ್ಮಲದಿಂದ ಬಂದಿದ್ದ ಆ ಅವ್ವ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಅರ್ಧಕ್ಕೆ ಕತ್ತರಿಸಿದ ಗುಳಿಗೆ ಪಟ್ಟಿಗಳು, ಮಡಿಕೆಯಲ್ಲೇ ಹರಿದುಹೋಗಿದ್ದ ಚೀಟಿಗಳು, ಒಂದು ಮುಲಾಮಿನ ಟ್ಯೂಬು, ಅಡಿಕೆ ಚೂರು, ಅವತ್ತಿನ ಬಸ್ ಟಿಕೆಟ್ಟು. ಸುತ್ತ ಎಂಬಿಬಿಎಸ್ ಎರಡನೇ ಹಂತದ ಆರು ಮಂದಿ ವಿದ್ಯಾರ್ಥಿಗಳು. ಕೇರಳದ ಕಡೆಯ ಒಬ್ಬ ಹುಡುಗಿ, ವರ್ಷದಲ್ಲಿ ಕಲಿತ ಕನ್ನಡದಲ್ಲಿ, ಏನಾಗಿದೆ ಎಂದು ಕೇಳಿದಳು.

‘ಕೈ ನಡುಗತಾವ ಯವ್ವಾ. ರೊಟ್ಟಿ ಬಡಿಯಾಕ ಆಗವಲ್ದು. ಬಡಿದ್ರ ಅಂಚು ಹರೀತಾವ.’

ಹುಡುಗರು ಪರಸ್ಪರ ಮುಖ ನೋಡಿಕೊಂಡರು. ನರಮಂಡಲದ ಔಷಧಗಳ ಪಾಠ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ಅರವತ್ತೈದು ದಾಟಿದ ವಯಸ್ಸು, ನಿಧಾನದ ನಡಿಗೆ, ಕೈ ನಡುಕ. ಒಬ್ಬ ಹುಡುಗ ಆಗಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ–ಕಾರ್ಬಿಡೋಪಾ ಎಂದು ದೊಡ್ಡಕ್ಷರಗಳಲ್ಲಿ ಬರೆದು, ಪ್ರಮಾಣ, ದಿನಕ್ಕೆ ಎಷ್ಟು ಸಲ ಎಲ್ಲ ತುಂಬಿಸಿದ್ದ. ತಪ್ಪೇನೂ ಇರಲಿಲ್ಲ. ಪರೀಕ್ಷೆಯಾಗಿದ್ದರೆ ನಾನೇ ಐದಕ್ಕೆ ಐದು ಹಾಕುತ್ತಿದ್ದೆ.

‘ಬರೆಯೋದು ಇರಲಿ, ಮೊದಲು ಈ ಚೀಟಿಗಳನ್ನ ತಾರೀಖಿನ ಪ್ರಕಾರ ಜೋಡಿಸ್ರಿ’ ಅಂದೆ.

ಜೋಡಿಸಿದ ಮೇಲೆ ಕಥೆ ತಾನಾಗಿ ಬಿಚ್ಚಿಕೊಂಡಿತು. ಮೊದಲ ಚೀಟಿ ಬಿಪಿಗೆ: ಆಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು. ಸರಿಯಾದ ಚೀಟಿ. ಎರಡನೆಯದು ಹತ್ತಿ ಬಿಡಿಸುವ ದಿನಗಳದು: ಮೊಣಕಾಲು ನೋವಿಗೆ ಡೈಕ್ಲೋಫೆನಾಕ್, ಐದು ದಿನ. ಅವ್ವ ಐದಕ್ಕೆ ನಿಲ್ಲಿಸಿರಲಿಲ್ಲ. ಖಾಲಿ ಪಟ್ಟಿಯನ್ನು ಮೆಡಿಕಲ್ ಅಂಗಡಿಯಲ್ಲಿ ತೋರಿಸಿ ‘ಇಂಥಾದ್ದ ಕೊಡಪ್ಪಾ’ ಎಂದು ತರುತ್ತಲೇ ಇದ್ದಳು. ಮೂರನೆಯ ಚೀಟಿಯಲ್ಲಿ ಬಿಪಿ ಏರಿದೆ, ಆಮ್ಲೋಡಿಪಿನ್ 10 ಆಗಿದೆ. ನಾಲ್ಕನೆಯದರಲ್ಲಿ ಕಾಲು ಬಾವು, ಅದಕ್ಕೆ ಫ್ಯೂರೋಸೆಮೈಡ್, ಜನ ‘ಉಚ್ಚಿ ಗುಳಿಗಿ’ ಅನ್ನುವುದು. ಐದನೆಯದರಲ್ಲಿ ‘ಎದ್ರ ಚಕ್ಕರ್ ಬರ್ತಾವ’ ಎಂಬ ದೂರಿಗೆ ಪ್ರೊಕ್ಲೋರ್‌ಪೆರಜಿನ್, ದಿನಕ್ಕೆ ಮೂರು. ಆರನೆಯ ಚೀಟಿ ಇನ್ನೂ ಬರೆದಾಗಿರಲಿಲ್ಲ. ಅದು ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿತ್ತು.

ಐದು ಚೀಟಿ, ಐದು ಕಡೆ ಬರೆಸಿದ್ದು. ಒಂದೊಂದನ್ನೇ ಎತ್ತಿ ನೋಡಿದರೆ ಯಾವುದೂ ದೊಡ್ಡ ತಪ್ಪಲ್ಲ. ಸಾಲಾಗಿ ಇಟ್ಟಾಗ ಮಾತ್ರ ಬೇರೆಯೇ ಕಾಣುತ್ತದೆ. ಡೈಕ್ಲೋಫೆನಾಕ್ ಜಾತಿಯ ನೋವು ಗುಳಿಗೆಗಳು ಮೂತ್ರಪಿಂಡದಲ್ಲಿ ಪ್ರೋಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ. ಅದರಿಂದ ಉಪ್ಪೂ ನೀರೂ ಮೈಯಲ್ಲಿ ನಿಂತು ಬಿಪಿ ಏರುತ್ತದೆ. ಏರಿದ ಬಿಪಿಗೆ ಆಮ್ಲೋಡಿಪಿನ್ ಇಮ್ಮಡಿಯಾಯಿತು. ಆಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ರಕ್ತ ವಾಪಸಾಗುವ ಅಭಿಧಮನಿಗಳನ್ನು ಅಷ್ಟಾಗಿ ಸಡಿಲಿಸುವುದಿಲ್ಲ. ಒಳಹರಿವು ಹೆಚ್ಚಿ ಹೊರಹರಿವು ಹಾಗೇ ಉಳಿದರೆ ಲೋಮನಾಳಗಳಿಂದ ನೀರು ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಈ ಬಾವಿಗೆ ಉಚ್ಚೆ ಗುಳಿಗೆ ಕೊಟ್ಟರೆ ಪಾದದ ನೀರು ಇಳಿಯುವುದು ಅಷ್ಟಕ್ಕಷ್ಟೇ; ರಕ್ತದ ನೀರು ಮಾತ್ರ ಕಡಿಮೆಯಾಗಿ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುತ್ತದೆ. ಆ ಚಕ್ಕರಿಗೆ ಕೊಟ್ಟ ಪ್ರೊಕ್ಲೋರ್‌ಪೆರಜಿನ್ ಮಿದುಳಿನಲ್ಲಿ ಡೋಪಮಿನ್ ಕೆಲಸ ಮಾಡದಂತೆ ತಡೆಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಡಿಮೆಯಾಗುವುದೂ ಅದೇ ಡೋಪಮಿನ್. ಕೈ ನಡುಗಿತು, ರೊಟ್ಟಿಯ ಅಂಚು ಹರಿಯಿತು.

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಅದಕ್ಕೆ ಮತ್ತೊಂದು ಔಷಧ ಬರೆಯುವ ಈ ಸರಪಳಿಗೆ ಪೌಲಾ ರೋಷನ್, ಜೆರ್ರಿ ಗರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲಿ ಹೆಸರು ಕೊಟ್ಟರು. ಹೆಸರು ಬರುವ ಮೊದಲೂ ಅದು ಇತ್ತು. ನಮ್ಮ ಹುಡುಗರಿಗೆ ಈ ಐದೂ ಕೊಂಡಿ ಗೊತ್ತಿದ್ದವು, ಬೇರೆ ಬೇರೆ ಪಾಠಗಳಲ್ಲಿ. ಆಮ್ಲೋಡಿಪಿನ್‌ನಿಂದ ಪಾದ ಊದುತ್ತದೆ ಎಂದು ಕೇಳಿದ್ದರೆ ಆರೂ ಜನ ಕೈ ಎತ್ತುತ್ತಿದ್ದರು. ಪಾದ ಊದಿದ ಅವ್ವ ಎದುರಿಗೆ ಕೂತಾಗ ಆಮ್ಲೋಡಿಪಿನ್ ಯಾರಿಗೂ ನೆನಪಾಗಲಿಲ್ಲ. ಪುಸ್ತಕ ಔಷಧದಿಂದ ಹೊರಟು ಪರಿಣಾಮಕ್ಕೆ ಬರುತ್ತದೆ. ರೋಗಿ ಪರಿಣಾಮ ಹೊತ್ತು ಬರುತ್ತಾನೆ, ಅಲ್ಲಿಂದ ಹಿಂದಕ್ಕೆ ನಡೆದು ಔಷಧ ಹುಡುಕಬೇಕು. ಫಾರ್ಮಕಾಲಜಿ ಪಾಠ ಮಾಡುವ ನಮ್ಮಂಥವರು ಮುಂದಕ್ಕೆ ನಡೆಯುವುದನ್ನು ಚೆನ್ನಾಗಿ ಕಲಿಸುತ್ತೇವೆ.

ನಮ್ಮ ಕಲಿಕೆಯ ಹಳೆಯ ರೀತಿ ಹೇಗಿತ್ತು ಅನ್ನುವುದನ್ನೂ ಹೇಳಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಪ್ರ್ಯಾಕ್ಟಿಕಲ್ ಅಂದರೆ ಎರಡು ಕೆಲಸ. ಒಂದು, ಹೊಟ್ಟೆ ಉಬ್ಬರದ ಮಿಕ್ಸ್ಚರ್, ಕ್ಯಾಲಮೈನ್ ಲೋಷನ್, ಹುಳುಕಡ್ಡಿಯ ಮುಲಾಮುಗಳನ್ನು ತೂಗಿ, ಅರೆದು, ಬಾಟಲಿಗೆ ತುಂಬಿ, ಚೀಟಿ ಅಂಟಿಸುವುದು. ಅಂಗಡಿಯಲ್ಲಿ ಎಲ್ಲ ತಯಾರಾಗಿ ಸಿಗತೊಡಗಿ ದಶಕಗಳಾಗಿದ್ದರೂ ನಾವು ಕಲ್ಲುಗುಂಡು ತಿರುಗಿಸುತ್ತಲೇ ಇದ್ದೆವು. ಎರಡನೆಯದು ಕಪ್ಪೆ. ಕಪ್ಪೆಯ ಹೊಟ್ಟೆಯ ಸ್ನಾಯುವನ್ನು ದಾರದಲ್ಲಿ ಕಟ್ಟಿ ದ್ರಾವಣದಲ್ಲಿ ಇಳಿಬಿಟ್ಟು, ಅಸಿಟೈಲ್‌ಕೋಲಿನ್ ಹನಿಸಿದಾಗ ಅದು ಎಷ್ಟು ಸೆಳೆದುಕೊಳ್ಳುತ್ತದೆ ಎಂಬುದನ್ನು ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿ ಗೀರುತ್ತಿತ್ತು. ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ ಒಣಹಾಕಿದರೆ ರೆಕಾರ್ಡ್ ಪುಸ್ತಕಕ್ಕೆ ಒಂದು ಪುಟ. ಆ ದಿನ ಅಂಗಿಯ ತೋಳೆಲ್ಲ ಮಸಿ. ಈಗ ಕಪ್ಪೆಯೂ ಇಲ್ಲ, ಮಸಿಯೂ ಇಲ್ಲ. ಕಂಪ್ಯೂಟರ್ ತೆರೆಯ ಮೇಲೆ ಬಟನ್ ಒತ್ತಿದರೆ ಬಿಪಿ ಏರಿಳಿಯುವ ಗೆರೆ ಕಾಣುತ್ತದೆ. ಕಪ್ಪೆಗಳಿಗಾಗಿ ನಾನು ಅಳುವವನಲ್ಲ. ಒಂದು ಕಪ್ಪೆ ಕೊಂದು ಕಲಿತಿದ್ದಕ್ಕಿಂತ ಹೆಚ್ಚನ್ನು ಅವ್ವನ ಚೀಲ ಒಂದು ಮುಂಜಾನೆಯಲ್ಲಿ ಕಲಿಸಿತು.

ಪ್ರಾಣಿ ಪ್ರಯೋಗದ ಮಾತು ಬಂದಾಗ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಕಥೆಯನ್ನು ತರಗತಿಯಲ್ಲಿ ತಪ್ಪದೇ ಹೇಳುತ್ತೇನೆ. ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲ. ಹೈದರಾಬಾದಿನ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಗೆ ಕ್ಲೋರೋಫಾರ್ಮ್ ಮೇಲೆ ಅಪಾರ ನಂಬಿಕೆ. ಅದು ಕೊಂದರೆ ಉಸಿರು ನಿಲ್ಲಿಸಿ ಕೊಲ್ಲುತ್ತದೆಯೇ ಹೊರತು ಹೃದಯ ನಿಲ್ಲಿಸಿ ಅಲ್ಲ, ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು ಎಂಬುದು ಅವರ ವಾದ. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರ್ಮ್ ಆಯೋಗ ಕೂತವು. ಹಣ ನಿಜಾಮರದು. ಎರಡನೆಯ ಆಯೋಗಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್‌ರಂಥ ದೊಡ್ಡ ಔಷಧಶಾಸ್ತ್ರಜ್ಞರೇ ಬಂದರು. ನೂರಾರು ನಾಯಿ, ಕೋತಿಗಳ ಮೇಲೆ ಪ್ರಯೋಗ ನಡೆದು ಲಾರಿಯ ಮಾತೇ ಸರಿ ಎಂದು ಆಯೋಗ ಹೇಳಿತು. ವರ್ಷಗಳ ನಂತರ, 1911ರ ಹೊತ್ತಿಗೆ, ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದ್ದು ಬೇರೆಯೇ: ಕ್ಲೋರೋಫಾರ್ಮ್ ಅರೆಬರೆ ಹಿಡಿದಿರುವಾಗ ಅಡ್ರಿನಲಿನ್ ಉಕ್ಕಿದರೆ ಹೃದಯ ಅದುರಿ ಅಲ್ಲೇ ನಿಂತುಬಿಡಬಹುದು. ಅಷ್ಟೊಂದು ಪ್ರಾಣಿ, ಅಷ್ಟೊಂದು ರೊಕ್ಕ, ಅಷ್ಟು ದೊಡ್ಡ ಹೆಸರುಗಳು. ಉತ್ತರ ತಪ್ಪಿತ್ತು. ಒಂದು ನಂಬಿಕೆಯನ್ನು ಮೊದಲೇ ಇಟ್ಟುಕೊಂಡು ಹೊರಟರೆ ಹೀಗಾಗುತ್ತದೆ. ಲೆವೊಡೋಪಾ ಬರೆದ ಹುಡುಗನಿಗೂ ನಾನು ಹೇಳಿದ್ದು ಇದೇ ಕಥೆ.

ನಮ್ಮ ಕಡೆಯ ಹುಡುಗರಿಗೆ ಫಾರ್ಮಕಾಲಜಿಯ ಕೆಲವು ಭಾಗ ಬೇರೆಯವರಿಗಿಂತ ಬೇಗ ಹತ್ತುತ್ತವೆ. ಬಾಯಿಂದ ನುಂಗಿದ ಗುಳಿಗೆ ಕರುಳಿನಿಂದ ನೇರವಾಗಿ ಮೈಗೆಲ್ಲ ಹೋಗುವುದಿಲ್ಲ, ಮೊದಲು ಪಿತ್ತಜನಕಾಂಗವನ್ನು ಹಾಯಬೇಕು, ಅಲ್ಲಿ ಒಂದಷ್ಟು ನಾಶವಾಗುತ್ತದೆ. ಇದನ್ನು ಎಲ್ಲ ಪುಸ್ತಕಗಳೂ ಗೆರೆ ಎಳೆದು ವಿವರಿಸುತ್ತವೆ. ನಾನು ಮಾನ್ವಿಯ ಹುಡುಗನೊಬ್ಬನನ್ನು ಎಬ್ಬಿಸಿ ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ ಹೇಳಲು ಬಿಡುತ್ತೇನೆ. ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುವ ಕಾಲುವೆ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕೊನೆಯ ಹೊಲಗಳಿಗೆ ಬರುವಷ್ಟರಲ್ಲಿ ಗೇಜ್ ಬಿದ್ದಿರುತ್ತದೆ. ಮೇಲ್ಭಾಗದವರು ಎತ್ತಿಕೊಂಡ ಮೇಲೆ ಉಳಿದಿದ್ದು ಕೆಳಭಾಗಕ್ಕೆ. ‘ಅಣೆಕಟ್ಟಿನಾಗ ಎಷ್ಟು ಬಿಟ್ರು ಅನ್ನೋದು ಮುಖ್ಯ ಅಲ್ರಿ ಸರ್, ನಮ್ಮ ಹೊಲಕ್ಕ ಎಷ್ಟು ಬಂತು ಅನ್ನೋದು ಮುಖ್ಯ’ ಎಂದು ಅವನೇ ಮುಗಿಸುತ್ತಾನೆ. ಪ್ರೊಪ್ರನೊಲಾಲ್ ನರಕ್ಕೆ ಕೊಡುವಾಗ 1 ಮಿಲಿಗ್ರಾಂ ಲೆಕ್ಕದಲ್ಲೂ ಬಾಯಿಗೆ ಕೊಡುವಾಗ 40ರ ಲೆಕ್ಕದಲ್ಲೂ ಏಕೆ ಬರೆಯುತ್ತೇವೆ ಎಂಬುದು ಆಮೇಲೆ ಬಾಯಿಪಾಠ ಮಾಡಬೇಕಾದ ಸಂಗತಿಯಲ್ಲ. ಎದೆನೋವಿಗೆ ನೈಟ್ರೇಟ್ ಗುಳಿಗೆಯನ್ನು ನಾಲಿಗೆ ಕೆಳಗೆ ಇಡುವುದೆಂದರೆ ಮೇಲ್ಭಾಗದ ತೂಬುಗಳನ್ನೆಲ್ಲ ತಪ್ಪಿಸಿ ನೇರ ಕೊನೆಗೆ ನೀರು ತಂದಂತೆ. ಗೇಟು ಎತ್ತಿದ ದಿನವೇ ಮಾನ್ವಿಯ ಹೊಲ ನೆನೆಯುವುದಿಲ್ಲ ಎಂದು ಗೊತ್ತಿದ್ದವನಿಗೆ, ಆಮ್ಲೋಡಿಪಿನ್ ಪೂರ್ತಿ ಹತೋಟಿ ತೋರಲು ಒಂದು ವಾರವಾದರೂ ಬೇಕು, ಮೂರನೇ ದಿನಕ್ಕೇ ‘ಕೆಲಸ ಮಾಡ್ತಿಲ್ಲ’ ಎಂದು ಇಮ್ಮಡಿ ಮಾಡಬಾರದು ಎಂಬುದೂ ತಿಳಿಯುತ್ತದೆ. ಅರ್ಧಾಯು ಎಂಬ ಶಬ್ದ ಆಮೇಲೆ ಹೇಳಿದರಾಯಿತು.

ಅಸಿಟೈಲ್‌ಕೋಲಿನ್ ಪಾಠವೂ ಹಾಗೆಯೇ. ಬೇರೆ ಊರಿನ ಕಾಲೇಜುಗಳಲ್ಲಿ ಅದು ಹುಡುಗರಿಗೆ ನಿದ್ದೆ ತರಿಸುವ ಅಧ್ಯಾಯ. ಇಲ್ಲಿ ಹತ್ತಿ, ಭತ್ತ, ಮೆಣಸಿನಕಾಯಿ ಹೊಲಗಳಿಗೆ ಎಣ್ಣೆ ಹೊಡೆಯುವ ಕಾಲದಲ್ಲಿ ಅದು ತುರ್ತು ವಿಭಾಗದ ಬಾಗಿಲಿಗೇ ಬರುತ್ತದೆ. ಗಾಳಿಗೆ ಎದುರಾಗಿ, ಮೂಗಿಗೆ ಬಟ್ಟೆಯೂ ಇಲ್ಲದೆ ಹೊಡೆದವನು ಬೆವರು, ಜೊಲ್ಲು, ಕಣ್ಣೀರು ಸುರಿಸುತ್ತಾ ಬಂದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಎದೆಯೊಳಗೆ ಗೊರಗೊರ ಸದ್ದಿದ್ದರೆ, ಆರ್ಗ್ಯಾನೊಫಾಸ್ಫೇಟ್ ವಿಷ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕಿದೆ ಎಂದರ್ಥ. ಅಟ್ರೊಪಿನ್ ಬೇಕು. ಎಷ್ಟು? ಪುಸ್ತಕದಲ್ಲಿ 1.8ರಿಂದ 3 ಮಿಲಿಗ್ರಾಂನಿಂದ ಶುರು ಎಂದಿರುತ್ತದೆ. ನಮ್ಮ ಆಂಪೂಲಿನಲ್ಲಿ ಇರುವುದು 0.6. ಅಂದರೆ ಮೂರರಿಂದ ಐದು ಆಂಪೂಲು ಒಡೆಯಬೇಕು, ಐದು ನಿಮಿಷಕ್ಕೆ ನೋಡಬೇಕು, ಎದೆ ತಿಳಿಯಾಗದಿದ್ದರೆ ಇಮ್ಮಡಿ ಮಾಡಬೇಕು. ಬೇರೆ ಯಾವ ಸಂದರ್ಭದಲ್ಲೂ ಒಂದು ಆಂಪೂಲಿಗೇ ಕೈ ಹಿಡಿಯುವ ಹೊಸ ಡಾಕ್ಟರಿಗೆ ಇಲ್ಲಿ ಕೈ ಬಿಚ್ಚಲು ಧೈರ್ಯ ಬೇಕು. ಪಾಪೆ ಹಿಗ್ಗಿತೆಂದು ನಿಲ್ಲಿಸುವುದು ದೊಡ್ಡ ತಪ್ಪು. ನೋಡಬೇಕಾದ್ದು ಶ್ವಾಸಕೋಶ, ನಾಡಿ, ಬಿಪಿ.

ಅದೇ ಹೊಲದಲ್ಲಿ ನಾಗರಹಾವು ಕಚ್ಚಿದರೆ ಲೆಕ್ಕ ತಿರುಗುಮುರುಗು. ಅದರ ವಿಷ ಸ್ನಾಯುವಿನ ಮೇಲಿನ ಅಸಿಟೈಲ್‌ಕೋಲಿನ್ ಬಾಗಿಲನ್ನೇ ಮುಚ್ಚುತ್ತದೆ. ರೆಪ್ಪೆ ಜೋತುಬೀಳುತ್ತದೆ, ಉಸಿರಿನ ಸ್ನಾಯು ಸೋಲುತ್ತದೆ. ಹಾವಿನ ವಿಷಕ್ಕೆ ಪ್ರತಿವಿಷವೇ ಮೊದಲ ಮದ್ದು. ಜೊತೆಗೆ ನಿಯೋಸ್ಟಿಗ್ಮಿನ್ ಕೊಡುತ್ತೇವೆ, ಅದು ಕಿಣ್ವವನ್ನು ಕಟ್ಟಿ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ. ಅಂದರೆ ಅಲ್ಲಿ ವಿಷ ಮಾಡಿದ ಕೆಲಸವನ್ನೇ ಇಲ್ಲಿ ಮದ್ದು ಮಾಡುತ್ತದೆ, ಅಳತೆಯಲ್ಲಿ. ಅದು ಹೃದಯವನ್ನು ನಿಧಾನಿಸದಿರಲಿ ಎಂದು ಮೊದಲೇ ಅಟ್ರೊಪಿನ್ ಹಾಕಿರುತ್ತೇವೆ. ಕಟ್ಟುಹಾವಿನ ಕಡಿತದಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಅದರ ವಿಷ ನರದ ತುದಿಯನ್ನೇ ಹಾಳುಮಾಡಿ ಅಸಿಟೈಲ್‌ಕೋಲಿನ್ ಹೊರಬರದಂತೆ ಮಾಡಿರುತ್ತದೆ, ಇಲ್ಲದ್ದನ್ನು ಉಳಿಸುವುದು ಹೇಗೆ? ಎಣ್ಣೆ, ನಾಗರ, ಕಟ್ಟುಹಾವು ಮೂರನ್ನೂ ಒಂದೇ ಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನವರೂ ಪೆನ್ನು ಎತ್ತಿಕೊಳ್ಳುತ್ತಾರೆ.

ಔಷಧ ಆರಿಸುವುದನ್ನೂ ಒಂದು ವಿದ್ಯೆಯಾಗಿ ಕಲಿಸಬಹುದು ಎಂದು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದವರು. ಅಲ್ಲಿನ ದ ವ್ರೀಸ್ ಮತ್ತು ಸಂಗಡಿಗರು ಬರೆದ ಚಿಕ್ಕ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹೊರತಂದಿತು. ಕಾಯಿಲೆ ಏನು, ಚಿಕಿತ್ಸೆಯಿಂದ ಏನಾಗಬೇಕು, ನನ್ನ ಆಯ್ಕೆಯ ಔಷಧ ಈ ರೋಗಿಗೆ ಹೊಂದುತ್ತದೆಯೇ, ಚೀಟಿ ಬರೆ, ತಿಳಿಸಿ ಹೇಳು, ಮತ್ತೆ ಕರೆದು ನೋಡು. ಇಷ್ಟೇ, ಆರು ಹೆಜ್ಜೆ. ಔಷಧ ಬರೆಯದೆ ಕಳಿಸುವುದೂ ಅದರಲ್ಲಿ ಒಂದು ಚಿಕಿತ್ಸೆ. ಪ್ರತಿ ವೈದ್ಯನೂ ಸಾಮಾನ್ಯ ಕಾಯಿಲೆಗಳಿಗೆ ತನ್ನದೇ ಒಂದು ಔಷಧಪಟ್ಟಿಯನ್ನು ಗುಣ, ಸುರಕ್ಷತೆ, ಹೊಂದಿಕೆ, ಬೆಲೆ ನೋಡಿ ಮೊದಲೇ ಕಟ್ಟಿಕೊಂಡಿರಬೇಕು ಎಂಬುದು ಅವರ ಮುಖ್ಯ ಮಾತು. ಈ ಪದ್ಧತಿಯನ್ನು ದೆಹಲಿ, ಕಠ್ಮಂಡು, ಲಾಗೋಸ್ ಸೇರಿ ಏಳು ಊರುಗಳ 219 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿತವರು ಕಲಿಯದವರಿಗಿಂತ ಚೆನ್ನಾಗಿ ಬರೆದರು, ಕಲಿಸದ ಕಾಯಿಲೆಗಳಿಗೂ.

ಭಾರತದಲ್ಲಿ ಇದು ಪಠ್ಯದೊಳಗೆ ಗಟ್ಟಿಯಾಗಿ ಬಂದದ್ದು 2019ರಲ್ಲಿ ಶುರುವಾದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಿಂದ. ಅದರಲ್ಲಿ ಫಾರ್ಮಕಾಲಜಿಗೆ 85 ಸಾಮರ್ಥ್ಯಗಳನ್ನು ಪಟ್ಟಿ ಮಾಡಿದ್ದರು. ಓದಲು ಬರುವಂತೆ, ಜೆನೆರಿಕ್ ಹೆಸರಿನಲ್ಲಿ ಚೀಟಿ ಬರೆದು ಅದನ್ನು ರೋಗಿಗೆ ತಿಳಿಸಿಹೇಳುವುದನ್ನು ವಿದ್ಯಾರ್ಥಿ ಐದು ಸಲ ಮಾಡಿತೋರಿಸಿದರೇ ಸಹಿ. ಬೇರೆಯವರು ಬರೆದ ಚೀಟಿಯನ್ನು ವಿಮರ್ಶೆ ಮಾಡುವುದು, ಕಂಪನಿಗಳ ಹೊಳೆಯುವ ಕರಪತ್ರದಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ಆರಿಸುವುದೂ ಪಟ್ಟಿಯಲ್ಲಿವೆ. ಕರಪತ್ರದ ತರಗತಿ ನನಗೆ ಅಚ್ಚುಮೆಚ್ಚು. ‘ಹೃದಯಾಘಾತ ಶೇಕಡ 50ರಷ್ಟು ಇಳಿಕೆ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ ಅಂದುಕೊಳ್ಳಿ. ಕೆಳಗೆ ಸಣ್ಣಕ್ಷರದಲ್ಲಿ ಹುಡುಕಿದರೆ ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಆಗಿದೆ. ಅರ್ಧ ಇಳಿದದ್ದು ನಿಜ. ಒಬ್ಬರಿಗೆ ಉಪಕಾರವಾಗಲು ನೂರು ಜನ ಗುಳಿಗೆ ನುಂಗಿದ್ದೂ ನಿಜ. ಎರಡನೆಯದನ್ನು ಯಾವ ಕರಪತ್ರವೂ ದಪ್ಪಕ್ಷರದಲ್ಲಿ ಅಚ್ಚು ಹಾಕುವುದಿಲ್ಲ.

ಪಠ್ಯಕ್ರಮ ಬದಲಾದರೂ ಪ್ರಶ್ನೆಪತ್ರಿಕೆಯ ರೋಗಿ ಬದಲಾಗಿಲ್ಲ ಎಂಬುದು ನನ್ನ ತಕರಾರು. ‘45 ವರ್ಷದ ಪುರುಷ, ಹೊಸದಾಗಿ ಪತ್ತೆಯಾದ ಮಧುಮೇಹ, ಚೀಟಿ ಬರೆಯಿರಿ.’ ಈತನಿಗೆ ಒಂದೇ ಕಾಯಿಲೆ. ಮೊಣಕಾಲು ನೋವಿಲ್ಲ, ಸಾಲವಿಲ್ಲ, ಊರಿಲ್ಲ. ನಮ್ಮ ಕಡೆಯ ಮಧುಮೇಹಿ ಹೆಣ್ಣುಮಗಳು ಬೆಳಿಗ್ಗೆ ಐದಕ್ಕೆ ಚಹಾ ಕುಡಿದು ಕಳೆ ಕೀಳಲು ಹೋದರೆ ರೊಟ್ಟಿ ಬಿಚ್ಚುವುದು ಹತ್ತೂವರೆಗೆ. ಗ್ಲಿಮೆಪಿರೈಡ್‌ಅನ್ನು ‘ಬೆಳಿಗ್ಗೆ ಒಂದು’ ಎಂದಷ್ಟೇ ಬರೆದರೆ ಆಕೆ ಚಹಾದ ಜೊತೆ ನುಂಗುತ್ತಾಳೆ, ಒಂಬತ್ತರ ಹೊತ್ತಿಗೆ ಸಕ್ಕರೆ ಇಳಿದು ಹೊಲದಲ್ಲೇ ಬೆವೆತು ಬೀಳುತ್ತಾಳೆ. ‘ರೊಟ್ಟಿ ಉಣ್ಣಾಕ ಕುಂತಾಗ’ ಎಂದು ಹೇಳಿದ್ದರೆ ಬೀಳುತ್ತಿರಲಿಲ್ಲ. ಇನ್ಸುಲಿನ್‌ಅನ್ನು ಫ್ರಿಜ್‌ನಲ್ಲಿಡಿ ಎಂದು ಬರೆಯುವುದು ಸುಲಭ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಫ್ರಿಜ್ ಇಲ್ಲದ ಮನೆಗೆ ಏನು ಹೇಳುತ್ತೀರಿ? ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಒದ್ದೆ ಉಸುಕು, ಅದರೊಳಗೆ ಬಾಟಲಿ. ಇದನ್ನು ಹೇಳಬಲ್ಲವನಿಗೆ ನಾನು ಒಂದು ಅಂಕ ಹೆಚ್ಚಿಗೆ ಕೊಡುತ್ತೇನೆ, ಉತ್ತರಪಟ್ಟಿಯಲ್ಲಿ ಇಲ್ಲದಿದ್ದರೂ.

ದೇವದುರ್ಗ ಕಡೆಯ ಬಸುರಿ ಹೆಣ್ಣುಮಕ್ಕಳಿಗೆ ಕೊಡುವ ಕೆಂಪು ಗುಳಿಗೆಯನ್ನೇ ನೋಡಿ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ನಾಲ್ಕನೇ ತಿಂಗಳಿನಿಂದ 180 ದಿನ. ಬರೆಯಲು ಒಂದು ಸಾಲು. ಚಹಾದ ಜೊತೆ ನುಂಗಿದರೆ ಅದರ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಗುಳಿಗೆಯ ಜೊತೆಯಲ್ಲೇ ನುಂಗಿದರೂ ಅಷ್ಟೇ. ಮಲ ಕಪ್ಪಗಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ‘ಹೊಟ್ಟ್ಯಾಗ ಸುಟ್ಟದ’ ಎಂದು ಅತ್ತೆ ಗುಳಿಗೆಯನ್ನು ತಿಪ್ಪೆಗೆ ಎಸೆಯುತ್ತಾಳೆ. ಇದನ್ನು ಬಲ್ಲ ಆಶಾ ಕಾರ್ಯಕರ್ತೆ ಫಾರ್ಮಕಾಲಜಿ ಓದಿಲ್ಲ. ಓದಿದವರು ಎಷ್ಟೋ ಸಲ ಹೇಳುವುದಿಲ್ಲ.

ಭಾಷೆಯ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಬರೆದೂ ತೋರಿಸಿದರು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಚೀಟಿ ಇಬ್ಬರಿಗೆ ಬರೆಯುವ ಕಾಗದ. ಔಷಧದ ಹೆಸರು ಮತ್ತು ಪ್ರಮಾಣ ಅಂಗಡಿಯವನಿಗೆ. ಒಂದಕ್ಷರ ತಪ್ಪಿದರೆ ಬೇರೆ ಔಷಧವೇ ಬರುವ ಜಾಗ ಅದು, ಡಬ್ಬಿಯ ಮೇಲಿನ ಅಕ್ಷರಗಳಲ್ಲೇ ಇರಲಿ, ದೊಡ್ಡದಾಗಿ ಇರಲಿ. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತಂದ ತಿದ್ದುಪಡಿ ಕೇಳಿದ್ದೂ ಓದಲು ಬರುವ, ಸಾಧ್ಯವಾದಷ್ಟು ದೊಡ್ಡಕ್ಷರದ ಜೆನೆರಿಕ್ ಹೆಸರನ್ನೇ. ಕೊನೆಯ ಸಾಲು, ಅಂದರೆ ಯಾವಾಗ, ಹೇಗೆ, ಎಷ್ಟು ದಿನ ಎಂಬುದು ರೋಗಿಗೆ. ಅಲ್ಲಿ ಲ್ಯಾಟಿನ್ನಿನ ‘ಬಿಡಿ’, ‘ಟಿಡಿಎಸ್’ ಇಟ್ಟುಕೊಂಡು ನಾವು ಯಾರ ಜೊತೆ ಮಾತಾಡುತ್ತಿದ್ದೇವೆ? ಅದು ಕನ್ನಡದಲ್ಲೇ ಇರಬೇಕು. ‘ಬಿಡಿ’ ಎಂದರೆ ದಿನಕ್ಕೆರಡು ಎಂದರ್ಥ. ಕನ್ನಡದಲ್ಲಿ ಓದಿದರೆ ‘ನಿಲ್ಲಿಸಿ’ ಎಂದಾಗುತ್ತದೆ. ಈ ತಮಾಷೆ ನನ್ನದಲ್ಲ, ಒಬ್ಬ ವಿದ್ಯಾರ್ಥಿಯದು.

ಕನ್ನಡದಲ್ಲಿ ಬರೆದರೂ ಮುಗಿಯುವುದಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡ 60ರ ಆಸುಪಾಸು, ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಪಟ್ಟಿಯ ಮೇಲೆ ಸೂರ್ಯನ ಚಿತ್ರ, ಚಂದ್ರನ ಚಿತ್ರ. ಆದ್ದರಿಂದ ಬಾಯಿಮಾತು. ‘ಜ್ವರ’ಕ್ಕೆ ‘ಉರಿ’, ‘ನೋವಿ’ಗೆ ‘ಬ್ಯಾನಿ’, ‘ತಲೆಸುತ್ತಿ’ಗೆ ‘ಚಕ್ಕರ್’, ‘ಆಸ್ಪತ್ರೆ’ಗೆ ‘ದವಾಖಾನಿ’: ಬೆಂಗಳೂರಿನಿಂದ ಬಂದ ಕನ್ನಡದ ಹುಡುಗರಿಗೂ ಇದೊಂದು ಹೊಸ ಭಾಷೆ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಶುರುವಾದದ್ದು 2007ರಲ್ಲಿ. ಅದಕ್ಕೂ ಮೊದಲು ನಮ್ಮ ರಾಜ್ಯದೊಳಗೆ ಹತ್ತಿರದ ಸರ್ಕಾರಿ ಕಾಲೇಜೆಂದರೆ ಬಳ್ಳಾರಿಯೇ. ಈಗ ದೇಶದ ನಾನಾ ಕಡೆಯ ಮಕ್ಕಳು ಈ ಊರಿನಲ್ಲಿ ಡಾಕ್ಟರಿಕೆ ಕಲಿಯುತ್ತಾರೆ. ಅವರಿಗೆ ಅರ್ಧ ಪಾಠ ಮಾಡುವವರು ರೋಗಿಗಳೇ.

ಅವ್ವನ ಮೇಜಿಗೆ ಮರಳೋಣ. ಲೆವೊಡೋಪಾ ಬರೆದ ಹುಡುಗನಿಗೆ ಒಂದು ಸಮಾಧಾನ ಹೇಳಿದ್ದೆ: ನಿನ್ನ ಯೋಚನೆಯ ಅರ್ಧ ದಾರಿ ಸರಿಯೇ ಇದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಒಂದು ಕಾಲಕ್ಕೆ ಬಿಪಿಗೆ ದೊಡ್ಡ ಮದ್ದಾಗಿತ್ತು. 1950ರ ದಶಕದಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಲ್ಲಿನಂತೆ ಕೂತುಬಿಟ್ಟವು. ಡೋಪಾ ಕೊಟ್ಟಾಗ ಮತ್ತೆ ಓಡಾಡಿದವು. ನಡಿಗೆಗೂ ಕೈಚಳಕಕ್ಕೂ ಡೋಪಮಿನ್ ಬೇಕೆಂದು ಜಗತ್ತಿಗೆ ತಿಳಿದದ್ದು ಹೀಗೆ. ಆ ಕೆಲಸಕ್ಕೆ 2000ದಲ್ಲಿ ನೊಬೆಲ್ ಬಂತು. ಆದರೆ ಮೊಲಕ್ಕೆ ರೆಸರ್ಪಿನ್ ಕೊಡುವುದನ್ನು ನಿಲ್ಲಿಸುವ ದಾರಿಯೂ ಇತ್ತಲ್ಲ? ನಮ್ಮ ಅವ್ವನಿಗೆ ಬೇಕಾದದ್ದು ಅದು.

ಮೆಡಿಸಿನ್ ವಿಭಾಗದ ಹಿರಿಯರು ಬಂದು ನೋಡಿದರು. ಮೂತ್ರಪಿಂಡದ ಪರೀಕ್ಷೆಗೆ ರಕ್ತ ಕಳಿಸಿದರು. ಚಕ್ಕರಿನ ಗುಳಿಗೆ, ಉಚ್ಚೆ ಗುಳಿಗೆ, ಡೈಕ್ಲೋಫೆನಾಕ್ ಮೂರೂ ಬಂದ್. ಆಮ್ಲೋಡಿಪಿನ್ ಮತ್ತೆ 5ಕ್ಕೆ. ಮೊಣಕಾಲು ತೀರಾ ನೋಯುವ ದಿನ ಪ್ಯಾರಾಸಿಟಮಾಲ್, ಹಚ್ಚಲು ಮುಲಾಮು. ಎರಡು ವಾರಕ್ಕೆ ಮತ್ತೆ ಬರಬೇಕು. ಅವತ್ತಿನ ಚೀಟಿಯಲ್ಲಿ ಬರೆದದ್ದಕ್ಕಿಂತ ಹೊಡೆದುಹಾಕಿದ್ದು ಹೆಚ್ಚು. ಅದನ್ನು ಅವ್ವನಿಗೆ ತಿಳಿಸಿಹೇಳುವ ಕೆಲಸವನ್ನು ಕೇರಳದ ಹುಡುಗಿಗೆ ಕೊಟ್ಟೆವು. ಆಕೆ ಪಟ್ಟಿಗಳನ್ನು ಎರಡು ಗುಂಪು ಮಾಡಿ, ‘ಅಮ್ಮಾ, ಇದು ಬೇಡ. ಇದೂ ಬೇಡ. ಕೈ ನಡುಗೋದು ಇದರಿಂದ’ ಅಂದಳು. ಆಮೇಲೆ ನಾವು ಕಲಿಸಿದಂತೆ, ಈಗ ನೀವು ಹೇಳಿ ನೋಡೋಣ ಎಂದು ಕೇಳಿದಳು.

ಅವ್ವ ಬೇಡದ ಗುಂಪನ್ನೇ ನೋಡುತ್ತಿದ್ದಳು. ‘ಎಲ್ಲಾ ತಿಳೀತು ನನ ಮಗಳ. ಆದ್ರ ಇವನ್ನ ನನ ಮಗ ರೊಕ್ಕಾ ಕೊಟ್ಟು ತಂದಾನ. ಹಂಗ ಚೆಲ್ಲಾದು ಹ್ಯಾಂಗ?’

ಆ ಹುಡುಗಿಗೆ ಉತ್ತರ ಹೊಳೆಯಲಿಲ್ಲ. ನನಗೂ. ಲೆವೊಡೋಪಾ ಹುಡುಗನೇ ಮುಂದೆ ಬಂದು, ‘ಇಲ್ಲೇ ಇಟ್ಟು ಹೋಗ್ರಿ ಅಮ್ಮಾ, ನಾವು ಓದಾಕ ಬೇಕು’ ಅಂದ. ಓದಲು ಬೇಕು ಅಂದ ಮೇಲೆ ಅವ್ವ ಮರುಮಾತಾಡದೆ ಅಷ್ಟನ್ನೂ ಅವನ ಕಡೆ ಸರಿಸಿದಳು. ‘ಒಂದು ಸೂಜಿನರ ಮಾಡ್ರಿ’ ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಸೂಜಿ ಬೇಡ ಎಂದು ಒಪ್ಪಿಸಲು ಮತ್ತೆ ಕಾಲು ಗಂಟೆ ಹಿಡಿಯಿತು.

ಇಂಥ ನಡುಕ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎರಡು ತಿಂಗಳಾದ ಮೇಲೆ ಅವಳ ಮಗ ಬೇರೆ ಯಾವುದೋ ಕೆಲಸಕ್ಕೆ ದವಾಖಾನೆಗೆ ಬಂದಿದ್ದ. ಗುರುತು ಹಿಡಿದು, ಅವ್ವ ರೊಟ್ಟಿ ಬಡಿಯುತ್ತಾಳೇನಪ್ಪ ಎಂದು ಕೇಳಿದೆ.

‘ಬಡೀತಾಳ್ರಿ ಸಾಹೇಬ್ರ’ ಅಂದ. ‘ಅಂಚು ಇನ್ನಾ ಒಂಚೂರು ಸೊಟ್ಟ ಬರ್ತಾವ.’